ಮಟಕಿಯ ಹಾದಿಯಲ್ಲಿ ಹೊಸ ಗಾಡಿ

ಕೆಂಪು ಪೆಟ್ರೋಲ್ ಟಾಂಕಿಯ ಮೇಲೆ ನೊಣವೊಂದು ಕುಳಿತು ಕಾಲುಜ್ಜಿಕೊಳ್ಳುತ್ತಿದೆ, ಈ ಗಾಡಿ ಇನ್ನು ಅಲ್ಲಾಡುವುದಿಲ್ಲವೆಂದು ಅದಕ್ಕೂ ತಿಳಿದಿರಬೇಕು — ಥೂ, ಇದೊಂದು ಗಾಡಿ, ಮದುಮಗನಂತೆ ಮಿರುಗುವುದಕ್ಕಷ್ಟೇ ಹುಟ್ಟಿದ್ದು, ಮಾದನಹಿಪ್ಪರಗಾ ದಾಟಿ ಹಳ್ಳ ಹತ್ತುವಷ್ಟರಲ್ಲಿ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಎರೆಮಣ್ಣನ್ನು ಬುತ್ತಿಯಂತೆ ತುಂಬಿಕೊಂಡು ನಿಂತುಬಿಟ್ಟಿತು, ಹುಲೆಪ್ಪ ಹೇಳಿಯೇ ಇದ್ದ, ಮಟಕಿ ಊರಿನ ಸಾಬವ್ವನ ಮೈದುನ, ಬೆಳಗಾಗುತ್ತಲೇ ಕೆರವುಗಳನ್ನು ಕೈಯಲ್ಲಿ ಹಿಡಿದು ದನದ ದವಾಖಾನೆಯ ಬಾಗಿಲಲ್ಲಿ ನಿಂತಿದ್ದ, ಸಾಹೇಬ್ರ, ವೈನಿ ಆಕಳಾ ಈಯಲಾಕ ಒದ್ದಾಡಾಕತ್ತದ್ರಿ, ಎರಡೂ ಗೊರಸು ಹೊರಗ ಬಂದಾವ, ತೆಲಿ ಒಳಗ ಹೊಳ್ಳೇದ ಕಾಣ್ತದ, ಗಾಡಿ ಬ್ಯಾಡ್ರಿ, ರಾತ್ರೆಲ್ಲಾ ಮಳಿ ಆಗ್ಯದ, ಒಡ್ಡಿನ ಮ್ಯಾಲ ನಡದ್ರ ತಾಸಿನ್ಯಾಗ ಮುಟ್ತೇವ್ರಿ. ನಡೆಯುವುದಂತೆ! ಇಪ್ಪತ್ತೆರಡು ವರ್ಷ ಈ ಸೀಮೆಯ ದನಗಳ ಗರ್ಭದಲ್ಲಿ ಮೊಳಕೈವರೆಗೆ ಕೈಯಿಟ್ಟು ಕರುಗಳನ್ನು ಬೆಳಕಿಗೆ ತಂದ ನಾನು, ದನದ ಡಾಕ್ಟರು ಬಸವಂತರಾಯ, ಕೆರವು ಕೈಯಲ್ಲಿ ಹಿಡಿದು, ಇಂಥವನ ಹಿಂದೆ — ನೀ ನಡೀಲೇ, ನಿನಕಿಂತ ಮೊದಲ ನಾ ಅಲ್ಲಿರ್ತೇನಿ ಎಂದೆ. ಗೊರಸು ಹಸಿಯಾಗಿರುವವರೆಗೆ ಕರುವಿನ ಆಸೆ ಬಿಡಬಾರದು, ಒಣಗಿದರೆ ಮುಗಿಯಿತು, ಇದನ್ನು ನನಗೆ ಯಾವ ಪುಸ್ತಕವೂ ಕಲಿಸಲಿಲ್ಲ, ಈ ಕೈ ಕಲಿಸಿತು, ಎರಡು ಗೊರಸು, ಹಸಿ, ಬೆಣ್ಣೆಯ ಬಣ್ಣ, ಇನ್ನೂ ಹೊತ್ತಿದೆ, ಹೊತ್ತಿದೆ.

ಮಣ್ಣು ಕೆತ್ತಲು ಒಂದು ಕಡ್ಡಿಯೂ ಇಲ್ಲ. ನನ್ನ ಹಳೆಯ ಮೋಟರ್‌ಸೈಕಲ್ಲು ರಾಜದೂತನಿಗೆ ಮಳೆ ಹಿಡಿಯುತ್ತಲೇ ಮುಂದಿನ ಮಡ್‌ಗಾರ್ಡು ಬಿಚ್ಚಿ ಅಟ್ಟಕ್ಕೆ ಹಾಕುತ್ತಿದ್ದೆ, ಹ್ಯಾಂಡಲ್ಲಿಗೆ ಜಾಲಿಯ ಕೋಲು ಕಟ್ಟುತ್ತಿದ್ದೆ, ಎರೆನಾಡಿನಲ್ಲಿ ಗಾಡಿ ಇಟ್ಟ ಯಾವ ದಡ್ಡನಿಗೂ ಗೊತ್ತಿರುವ ಪಾಠ, ಇದಕ್ಕೆ ಮಾತ್ರ ಬಿಚ್ಚಲಿಲ್ಲ, ಬಿಚ್ಚಿದರೆ ಮೂಗು ಕೊಯ್ದ ಮುಖದಂತೆ ಕಾಣುತ್ತದೆಯೆಂದು ಬಿಚ್ಚಲಿಲ್ಲ, ಐವತ್ತನಾಲ್ಕು ದಾಟಿದವನಿಗೆ ಗಾಡಿಯ ಅಂದದ ಚಿಂತೆ! ಎಲ್ಲಕ್ಕೂ ಮೂಲ ಆ ಅಳಿಯ ಭಗವಂತ, ತಲೆಗಿಂತ ನಾಲಗೆಗೇ ಹೆಚ್ಚು ಎಣ್ಣೆ ಹಚ್ಚುವವನು, ಅಫಜಲಪುರದ ಬೀಗರ ಮದುವೆಯಲ್ಲಿ, ತುಂಬಿದ ಪಂಕ್ತಿಯಲ್ಲಿ, ಮಾವ್ನೋರ ಗಾಡಿ ಸಪ್ಪಳ ಕೇಳಿದ್ರ ಗಬ್ಬದ ಎಮ್ಮಿ ನಿಂತಲ್ಲೇ ಕರಾ ಹಾಕ್ತಾವ್ರಿ, ಸೂಜಿ ಗೀಜಿ ಬೇಕಾಗಂಗಿಲ್ಲ ಎಂದ, ಬೀಗರೆಲ್ಲ ಹೋಳಿಗೆ ಉಗುಳುವಂತೆ ನಕ್ಕರು, ಮರುವಾರವೇ ಗುಲಬರ್ಗಾಕ್ಕೆ ಹೋಗಿ ಈ ಜಪಾನೀ ಜಿಂಕೆಯನ್ನು ತಂದೆ, ಹದಿನಾರು ಮಳೆಗಾಲ ಒಮ್ಮೆಯೂ ಕೈಬಿಡದ ರಾಜದೂತ ಬಳೆಗಾರ ಗೌಸಮೊಹಿದ್ದೀನನ ಪಾಲಾಯಿತು, ಅಳಿಯ ಮೆಚ್ಚಿದ, ಬೀಗರು ಮೆಚ್ಚಿದರು, ಎರೆಮಣ್ಣೊಂದು ಮೆಚ್ಚಲಿಲ್ಲ.

ಸಪ್ಪಳ — ಆ ದಪ್ಪ ಕೆಮ್ಮಿನ ಸಪ್ಪಳ, ಸಾವಿರ ಗಾಡಿಗಳ ನಡುವೆಯೂ ಗುರುತಿಸಬಲ್ಲೆ, ಹಳ್ಳ ಹತ್ತಿ ಬರುತ್ತಿದೆ, ಮಡ್‌ಗಾರ್ಡಿಲ್ಲ, ಎದೆಯವರೆಗೆ ಕೆಸರು, ಹಿಂದೆ ಬಳೆಯ ಗಂಟುಗಳ ಕಿಣಿಕಿಣಿ, ಅರೇ ಡಾಕ್ಟರ್ ಸಾಬ, ನಿಮ್ಮ ಹೊಸಾ ಕುದುರಿ ಕುಂತೇ ಬಿಟ್ಟದಲ್ರೀ ಎಂದು ಗೌಸಮೊಹಿದ್ದೀನ ಹಲ್ಲು ಕಿಸಿದ, ಮರುಕ್ಷಣವೇ ನಗೆ ಇಳಿಸಿದ, ಹುಲೆಪ್ಪ ಸಿಕ್ಕಿದ್ದ, ಆಕಳಾದು ಹೇಳ್ದ, ಬಳಿ ಗಂಟು ಈ ಗಿಡಕ್ಕ ತೂಗಹಾಕ್ತೇನಿ, ಜಲ್ದಿ ಹಿಂದ ಕೂಡ್ರಿ, ನಿಮ್ದೇ ಗಾಡಿ ಅದ. ನನ್ನದೇ ಗಾಡಿಯ ಹಿಂದಿನ ಸೀಟಿನಲ್ಲಿ, ಬಳೆಗಾರನ ಹೆಗಲು ಹಿಡಿದು, ಮಟಕಿಯ ಅಗಸಿ ಬಾಗಿಲೊಳಗೆ, ಹೆಂಗಸರೆಲ್ಲ ಬಳೆಗೆಂದು ಓಡಿಬಂದು ನನ್ನನ್ನು ನೋಡುವಾಗ — ಅಳಿಯ ಭಗವಂತನ ಕಿವಿಗೆ ಸಂಜೆಯೊಳಗೆ ಮುಟ್ಟುತ್ತದೆ, ನೀ ನಡಿಯಪಾ, ಐದು ಮಿನಿಟಿನ ಕೆಲಸ, ಬರ್ತೇನಿ ಎಂದೆ. ಖರೇ ಏನ್ರೀ? ಎಂದ. ಖರೇ ಅಂದ್ನಲ್ಲೋ, ನಡಿ. ಹ್ಯಾಂಡಲ್ಲಿನಿಂದ ಜಾಲಿಯ ಕೋಲು ಬಿಚ್ಚಿ, ನಾನೇ ಕೆತ್ತಿ ನುಣುಪು ಮಾಡಿದ ಕೋಲು, ನನ್ನ ಕೈಯಲ್ಲಿಟ್ಟು ಹೋದ.

ಕೆತ್ತಿದೆ, ಹತ್ತು ಮಾರು ಹೋದೆ, ಗಾಲಿ ಕಚ್ಚಿಕೊಂಡಿತು, ಕೆತ್ತಿದೆ, ಎಂಟು ಮಾರು, ಎರಡು ಗೊರಸು, ಹಸಿಯೋ, ಕೆತ್ತಿದೆ, ಹೊತ್ತು ನೆತ್ತಿಗೇರಿತು, ಗಾಳಿ ಬೀಸುತ್ತಿದೆ, ಮಳೆಯ ಮರುದಿನದ ಒಣಗಾಳಿ, ಇದು ಎಲ್ಲವನ್ನೂ ಒಣಗಿಸುತ್ತದೆ, ಮೂರ್ಖಾ, ಹಾಳಾಗಲಿ, ಕೆಂಪು ಟಾಂಕಿಯನ್ನು ಕೆಸರಿಗೆ ಕೆಡವಿ ಒಡ್ಡು ಹತ್ತಿದೆ, ಕೆರವು ಕೈಯಲ್ಲಿ. ಮಟಕಿಯ ಕೊಟ್ಟಿಗೆ ಮುಟ್ಟಿದಾಗ ಸಾಬವ್ವ ಬೈಯಲಿಲ್ಲ, ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಬಂದ್ರೇನ್ರೀ ಸಾಹೇಬ್ರ, ಕೈ ತೊಳ್ಕೋರಿ, ನೀರು ಎರಡು ಸಲ ಕಾಸೀನಿ, ಮತ್ತ ಆರ್ಯಾವ ಎಂದಳು. ಗೌಸಮೊಹಿದ್ದೀನ ಆಕಳ ಕೊರಳು ತಬ್ಬಿ ಕುಳಿತಿದ್ದ, ತಲೆ ಎತ್ತಲಿಲ್ಲ. ಆಕಳು ಉಸಿರಾಡುತ್ತಿದೆ, ಅದನ್ನು ಉಳಿಸಬಲ್ಲೆ, ಅದನ್ನಾದರೂ, ತೋಳು ಮಡಚಿದೆ, ಬಾಗಿದೆ, ಬಾಲ ಸರಿಸಿದೆ, ಎರಡು ಗೊರಸು, ಬೆರಳಿಂದ ಮುಟ್ಟಿದೆ, ಹಂಚಿನ ಚೂರಿನಂತೆ, ಬೂದು, ಒಣಗಿ, ಎರಡು ಗೊರಸು, ಎರಡು