ನಗಲು ಜನ ಬೇಕಾಗಿದ್ದಾರೆ

ಯೋಗರಾಜ ಕಿವಿಯ ಮೇಲಿದ್ದ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಕುಕ್ಕಿದ.

"ಇದೆಂತ ಮಾರಾಯ್ರೆ, ನಗದಾ ಇದು? ಹದಿನಾಲ್ಕು ಜನ ಸೇರಿ ಹೂಂ ಹೂಂ ಅಂದ್ರೆ ಕೊಟ್ಗೆಲಿ ದನ ಮೆಲುಕು ಹಾಕ್ದಂಗೆ ಕೇಳ್ತದೆ!"

ಸಾಗರದಲ್ಲಿ ಅವನದು ಮೈಕ್‌ಸೆಟ್ಟಿನ ಅಂಗಡಿ. ಹಿಂದಿನ ಎರಡು ಕೋಣೆಗಳ ಗೋಡೆಗೆ ಹಳೆಯ ಹಾಸಿಗೆ ಹೊಡೆದು ಸ್ಟುಡಿಯೊ ಮಾಡಿಕೊಂಡಿದ್ದ. ಚಿಕ್ಕ ಕೋಣೆಯಲ್ಲಿ ಮಾತಾಡುವವರು, ದೊಡ್ಡದರಲ್ಲಿ ಕೇಳುವವರು. 'ಸುಬ್ಬಕ್ಕನ ಗಂಡ' ಎಂಬ ಒಂಬತ್ತು ನಗೆಪ್ರಸಂಗಗಳ ಆಲ್ಬಮ್ಮಿಗೆ ಜನರ ನಿಜವಾದ ನಗು ಬೇಕಾಗಿತ್ತು. ಕಂಪ್ಯೂಟರಿನಲ್ಲಿ ಸಿಗುವ ನಗು ಪರದೇಶದವರದು, ನಮ್ಮ ಸುಬ್ಬಕ್ಕನಿಗೆ ಅವರು ಯಾಕೆ ನಗಬೇಕು ಎಂಬುದು ಯೋಗರಾಜನ ವಾದ. ಅದಕ್ಕೇ "ನಗಲು ಜನ ಬೇಕಾಗಿದ್ದಾರೆ, ಮಧ್ಯಾಹ್ನ ಊಟ ಇದೆ" ಎಂದು ವಾಟ್ಸಾಪಿನಲ್ಲಿ ಹಾಕಿದ್ದ. ಜನವೇನೋ ಬಂದರು. ಬಂದವರ ಮುಂದೆ ಅವನ ಹೆಂಡತಿ ಪದ್ಧತಿಯಂತೆ ಕವಳದ ತಟ್ಟೆ ಇಟ್ಟಳು. ಮನೆಗೆ ಬಂದವರಿಗೆ ಎಲೆ, ಅಡಿಕೆ, ಸುಣ್ಣ ಕೊಡದೆ ಕೂರಿಸುವುದುಂಟೆ? ಎಲ್ಲರೂ ಹದವಾಗಿ ಹಾಕಿಕೊಂಡರು. ಬಾಯಿ ತುಂಬ ಕೆಂಪು ರಸ ಇಟ್ಟುಕೊಂಡವನು ಹೊಟ್ಟೆ ಹುಣ್ಣಾಗುವಷ್ಟು ನಗು ಬಂದರೂ ಬಾಯಿ ಬಿಡುವ ಹಾಗಿಲ್ಲ. ಬಿಟ್ಟರೆ ಎದುರಿಗಿದ್ದವನ ಬಿಳಿ ಅಂಗಿಯ ಗತಿ ಅಷ್ಟೆ. ಹೆಗಲು ಕುಣಿದವು, ಕಣ್ಣಲ್ಲಿ ನೀರು ಬಂತು, ಮೈಕಿಗೆ ಮಾತ್ರ ಏನೂ ಸಿಗಲಿಲ್ಲ.

ಬಂದವರಲ್ಲಿ ಒಬ್ಬರು, ಅಡಿಕೆ ತೋಟದ ಗಣೇಶಮೂರ್ತಿಗಳು, ಹೊರಗೆ ಹೋಗಿ ಉಗುಳಿ ಬಂದು, ತಾವೆಲ್ಲ ನಕ್ಕಿದ್ದು ನಿಜವೇ ಎಂದು ತಮ್ಮ ಹವ್ಯಕ ಮಾತಿನಲ್ಲಿ ಹೇಳಿದರು. "ಎಂಗೊ ನಗ್ಯಾಡಿದ್ಯ ಮಾರಾಯ. ನಿನ್ನ ಮಷಿನ್ನಿಗೆ ಕೇಳಿದ್ದಿಲ್ಲೆ ಅಂದ್ರೆ ಎಂಗೊ ಎಂತ ಮಾಡವು?"

"ಒಬ್ರದ್ದು ಮಾತ್ರ ಸಮಾ ಬಂದದೆ," ಎಂದ ಯೋಗರಾಜ. "ಆ ಮೂಲೇಲಿ ಕೂತಿದಾರಲ್ಲ, ಅವ್ರದ್ದು. ಎಂತ ಗಂಟ್ಲು! ನಿಮ್ಮ ಹೆಸ್ರೆಂತ?"

"ಅಂಜನಪ್ಪ. ಹೊಸನಗರ. ಹೊಸಾ ಹಲ್ಲು ಸೆಟ್ಟು, ಡಾಕ್ಟ್ರು ಕವಳ ಬ್ಯಾಡ ಅಂದಿದಾರೆ," ಎಂದು ಅವನು ಕವಳ ಬಿಟ್ಟಿದ್ದಕ್ಕೇ ಬಹುಮಾನ ಬಂದವನಂತೆ ಎದ್ದು ನಿಂತ. ಚಿಕ್ಕ ಕೋಣೆಯ ಗಾಜಿನ ಹಿಂದೆ ಸುಬ್ಬಕ್ಕನಾಗಿ ಮಾತಾಡುತ್ತಿದ್ದ ಪುಷ್ಪಮ್ಮ ಆಗಷ್ಟೇ ಅವನನ್ನು ಕಂಡು ಸರಕ್ಕನೆ ಕೆಳಗೆ ಕುಳಿತಳು. ಅವಳು ಅಂಜನಪ್ಪನ ಹೆಂಡತಿ. ಗೆಳತಿ ಮಂಜುಶ್ರೀಯ ತಂಗಿಯ ಸೀಮಂತಕ್ಕೆ ಹೋಗಿಬರುತ್ತೇನೆ ಎಂದು ಸುಳ್ಳು ಹೇಳಿ ಬೆಳಿಗ್ಗೆ ಏಳರ ಬಸ್ಸಿಗೆ ಮನೆ ಬಿಟ್ಟಿದ್ದಳು. ಅವನು ವಾಟ್ಸಾಪಿನ ಕರೆ ನೋಡಿ ಎಂಟರ ಬಸ್ಸಿಗೆ ಹೊರಟು ಬಂದಿದ್ದ.

ಸುಬ್ಬಕ್ಕ ಹುಟ್ಟಿದ್ದು ಹೊಸನಗರದ ಮಹಿಳಾ ಸಂಘದ ವಾರದ ಸಭೆಯಲ್ಲಿ. ಮಾತು ಕಡಿಮೆಯ ಪುಷ್ಪಮ್ಮ ಅಲ್ಲಿ ಹೋದರೆ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು, ಮೂಗಿನಲ್ಲಿ ಸಣ್ಣ ದನಿ ತೆಗೆದು, ಸುಬ್ಬಕ್ಕ ಎನ್ನುವವಳ ಮನೆಯ ಕಥೆ ಹೇಳುತ್ತಿದ್ದಳು. ಸಂಘದ ಕಾರ್ಯದರ್ಶಿ, ಟೈಲರ್ ಮಂಜುಶ್ರೀ, ಒಂದು ದಿನ ಅದನ್ನು ಗುಟ್ಟಾಗಿ ಫೋನಿನಲ್ಲಿ ಹಿಡಿದು ಒಂದಿಬ್ಬರಿಗೆ ಕಳಿಸಿದಳು. ಅದು ಊರೂರು ತಿರುಗಿ ನಾಲ್ಕನೇ ದಿನ ಅಂಜನಪ್ಪನ ಫೋನಿಗೇ ಬಂತು. ಅವನು ಅಡುಗೆಮನೆಗೆ ಓಡಿ ಬಂದು, "ಕೇಳೇ ಇಲ್ಲಿ, ಹೆಂಗ್ಸು ಅಂದ್ರೆ ಇವ್ಳು! ಆ ಗಂಡನ ಪಾಡು ನೋಡು. ಅಂಥಾ ಪೆದ್ದ ಎಲ್ಲಾದ್ರೂ ಇರ್ತಾನನಾ?" ಎಂದು ಅವಳ ಕಿವಿಗೇ ಹಿಡಿದ.

ಆ ಪೆದ್ದ ಅವನೇ. ಕಥೆಯಲ್ಲಿ ಸುಬ್ಬಕ್ಕನ ಗಂಡ ನಿವೃತ್ತ ಪೋಸ್ಟ್‌ಮಾಸ್ಟರ್. ಅಂಜನಪ್ಪನೋ ಮೂವತ್ತೈದು ವರ್ಷ ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟನಾಗಿ "ಹುಂಚ, ತೀರ್ಥಳ್ಳಿ" ಎಂದು ಕೂಗಿ ಹತ್ತಿಸಿದವನು. ಅಷ್ಟು ಬದಲಾವಣೆ ಸಾಕಾಯಿತು. ಕುಕ್ಕರಿನ ಮೊದಲ ಸೀಟಿ ಮೂರು ನಿಮಿಷ ಲೇಟು ಎಂದು ಗೋಡೆ ಗಡಿಯಾರ ನೋಡುವುದು, ಕೈಯಲ್ಲಿ ಭರಣಿ ಹಿಡಿದುಕೊಂಡೇ ಭರಣಿ ಎಲ್ಲಿದೆ ಎಂದು ಕೂಗುವುದು, ಎಲ್ಲ ಅವನದೇ. ದೀಪದ ಬುಡದಲ್ಲಿ ಕತ್ತಲು ಎನ್ನುವುದು ಸುಳ್ಳಲ್ಲ. ಹೆಂಡತಿಯ ದನಿ ಗುರುತಾಗದಿದ್ದುದಕ್ಕೆ ಅವನನ್ನು ಪೂರ್ತಿ ದೂರುವಂತೆಯೂ ಇಲ್ಲ. ಮನೆಯಲ್ಲಿ ಮೂವತ್ತಾರು ವರ್ಷ ಮಾತಾಡಿದವನು ಅವನು. ಅವಳು "ಹೂಂ" ಅಂದಿದ್ದಳು.

ಅವತ್ತೇ ಹೇಳಿಬಿಡಬೇಕಿತ್ತು. ಆದರೆ ಬಸ್‌ಸ್ಟ್ಯಾಂಡ್ ಬಿಟ್ಟ ಮೇಲೆ ಮೂಲೆ ಹಿಡಿದಿದ್ದ ಗಂಡ ಹಾಗೆ ನಕ್ಕಿದ್ದನ್ನು ಅವಳು ಎಷ್ಟೋ ದಿನದಿಂದ ಕೇಳಿರಲಿಲ್ಲ. ಹೇಳಿದರೆ ಆ ನಗು ನಿಂತುಹೋಗುತ್ತದೆ ಎಂದು ಬಾಯಿ ಕಟ್ಟಿತು. ಸಭೆಯಿಂದ ಸಭೆಗೆ ಪ್ರಸಂಗಗಳು ಬೆಳೆದವು. ಅಷ್ಟನ್ನೂ ಅವನು ಊರಿಗೆಲ್ಲ ಹಂಚಿದ. ಹಾಗೆ ತಿರುಗಿದ್ದು ಸಾಗರದ ಯೋಗರಾಜನಿಗೂ ಮುಟ್ಟಿ, ಅವನು ಮಂಜುಶ್ರೀಯ ಮೂಲಕ ಪುಷ್ಪಮ್ಮನನ್ನು ಸ್ಟುಡಿಯೊಗೆ ಕರೆಸಿದ್ದ.

ಈಗ ಗಾಜಿನ ಆಚೆ ಕುಳಿತವನು ಅವನೇ.

"ನಾ ಹೊರಗೆ ಬರಲ್ಲ," ಎಂದು ಪುಷ್ಪಮ್ಮ ಜೊತೆಗೆ ಬಂದಿದ್ದ ಮಂಜುಶ್ರೀಯ ಕೈ ಹಿಡಿದಳು. "ಅವ್ರು ನೋಡ್ತಾ ಇದ್ರೆ ಹೇಳಕ್ಕೆ ನನ್ ಕೈಲಾಗಲ್ಲ. ಗಾಜು ಮುಚ್ಚು. ಇಲ್ಲಿಂದ್ಲೇ ಹೇಳ್ತೀನಿ, ಅಲ್ಲಿ ಸ್ಪೀಕರ್‌ನಲ್ಲಿ ಕೇಳ್ಲಿ."

ಮಂಜುಶ್ರೀ ಗಾಜಿಗೆ ಪರದೆ ಎಳೆದಳು. ಮುಕ್ಕಾಲು ಗಂಟೆ ಪುಷ್ಪಮ್ಮ ಆ ಕೋಣೆಯಲ್ಲಿ ಒಂದಾದ ಮೇಲೊಂದು ಪ್ರಸಂಗ ಹೇಳಿದಳು. ಪ್ರತಿ ಸಲವೂ ಹೆಡ್‌ಫೋನಿನಲ್ಲಿ ಅವನ ನಗು ಬಂದು ಕಿವಿ ತುಂಬುತ್ತಿತ್ತು. ಮೊದಲು ಒಂದು ಕೆಮ್ಮು, ಆಮೇಲೆ ಉರುಳಿಕೊಂಡು ಬರುವ ದೊಡ್ಡ ದನಿ, ಕೊನೆಗೆ "ಅಯ್ಯಯ್ಯಯ್ಯ". ಅವಳಿಗೆ ಭಯವೂ ಆಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ತಾನು ಹೇಳಿದ್ದಕ್ಕೆ ಗಂಡ ಹೀಗೆ ನಗುತ್ತಾನೆ! ಅವನು ಎಲ್ಲಕ್ಕಿಂತ ಜೋರಾಗಿ ನಕ್ಕಿದ್ದು ಏಳನೆಯದಕ್ಕೆ. ಅದರಲ್ಲಿ ಸುಬ್ಬಕ್ಕನ ಗಂಡ ಸಾವಿನ ಮನೆಗೆ ಹೋಗಿ, ಅಳುವವರನ್ನೆಲ್ಲ ಪಕ್ಕಕ್ಕೆ ಕರೆದು ಅವರವರ ಊರಿನ ಪಿನ್‌ಕೋಡ್ ತಪ್ಪಿದೆ ಎಂದು ತಿದ್ದುತ್ತಾನೆ.

ಎಲ್ಲರೂ ಹೋದ ಮೇಲೆ ಯೋಗರಾಜ ಖುಷಿಯಲ್ಲಿದ್ದ. "ಅವ್ರೊಬ್ರದ್ದೇ ನಗು ಒಂಬತ್ತಕ್ಕೂ ಕೂರಿಸ್ತೀನಿ. ಹೌದಲ್ಲ, ನೀವೂ ಅವ್ರೂ ಇಬ್ರೂ ಹೊಸನಗರದವ್ರೇ. ಪರಿಚಯ ಉಂಟನಾ?"

"ಉಂಟು," ಎಂದಳು ಪುಷ್ಪಮ್ಮ.

"ನಿಮ್ಮ ಹೆಸ್ರು ಹಾಕದು ಬ್ಯಾಡ. ಸುಬ್ಬಕ್ಕ ಯಾರು ಅಂತ ಜನ ತಲೆ ಕೆರ್ಕೊಳ್ಳಿ."

ಸುಲಭದ ದಾರಿ ಅವನೇ ತೋರಿಸಿದ್ದ. ಪುಷ್ಪಮ್ಮನಿಗೆ ಐವತ್ತೆಂಟು. ಅವಳ ಹೆಸರು ಇದುವರೆಗೆ ಅಚ್ಚಾಗಿದ್ದು ರೇಷನ್ ಕಾರ್ಡಿನಲ್ಲಿ, ಅದೂ ತಪ್ಪಾಗಿ. ಬೇಡ ಎನ್ನಲು ಬಾಯಿ ತೆರೆದವಳು, "ನನ್ನ ಹೆಸ್ರು ಹಾಕ್ಬೇಕು," ಎಂದುಬಿಟ್ಟಳು. ಬಿಡುಗಡೆಗೆ ಮೊದಲು ಗಂಡನಿಗೆ ತಾನೇ ಹೇಳುವುದು ಎಂದು ನಿರ್ಧರಿಸಿ ಮನೆಗೆ ಬಂದಳು.

ಹೇಳಲು ಮೂರು ವಾರ ಇತ್ತು. "ಇವ್ರೇ, ಒಂದು ಮಾತು" ಎಂದು ಅವಳು ಶುರುಮಾಡಿದಾಗಲೆಲ್ಲ ಅವನು, "ಅದಿರ್ಲಿ, ಸ್ಟುಡಿಯೋದಲ್ಲಿ ಆ ಯೋಗರಾಜ ಎಂತ ಅಂದ ಗೊತ್ತನಾ?" ಎಂದು ತನ್ನ ಗಂಟಲಿನ ಕಥೆಗೆ ಹೋಗುತ್ತಿದ್ದ. ಒಂದು ದಿನ ಗಟ್ಟಿ ಮನಸ್ಸು ಮಾಡಿ ಎದುರಿಗೇ ಕುಳಿತಳು. ಅವನು ಅವಳ ಮುಖ ನೋಡಿ, "ಗ್ಯಾಸ್ ಖಾಲಿಯಾಯ್ತನಾ?" ಎಂದ. ಹೂಂ ಅಂದಳು.

ಆಲ್ಬಮ್ ಫೋನಿನಲ್ಲೂ ಬರುವುದಿತ್ತು, ಆದರೆ ನಮ್ಮ ಕಡೆ ಏನೇ ಆದರೂ ಬಸ್ಸಿನಲ್ಲಿ ಕೇಳಿದರೆ ಮಾತ್ರ ಬಿಡುಗಡೆಯಾದ ಹಾಗೆ. ಹೊಸನಗರದಿಂದ ಹುಂಚದ ಮೇಲೆ ತೀರ್ಥಹಳ್ಳಿಗೆ ಹೋಗುವ ಬೆಳಗಿನ ಬಸ್ಸಿನ ಡ್ರೈವರ್ ದುರ್ಗೇಶ್ ಒಪ್ಪಿದ್ದ. ಬಸ್ಸಿಗೆ ಹೂವು ಕಟ್ಟಿದರು. ಪೆನ್‌ಡ್ರೈವಿಗೆ ಅರಿಶಿನ ಕುಂಕುಮ ಹಚ್ಚಿದರು, ಅದು ಹಾಳಾಗುತ್ತದೆ ಎಂದು ಯೋಗರಾಜ ಬಡಕೊಂಡರೂ ಕೇಳಲಿಲ್ಲ. ತೆಂಗಿನಕಾಯಿ ಒಡೆಯಲು ಬಸ್‌ಸ್ಟ್ಯಾಂಡಿನ ಹಿರಿಯನೆಂದು ಅಂಜನಪ್ಪನನ್ನೇ ಕರೆದರು. ಅವನು ಇಸ್ತ್ರಿ ಅಂಗಿ ತೊಟ್ಟು ಬಂದು, ಒಂದೇ ಏಟಿಗೆ ಕಾಯಿ ಒಡೆದು, ಹಳೆಯ ದನಿಯಲ್ಲಿ "ಹುಂಚ, ತೀರ್ಥಳ್ಳಿ! ಹತ್ರಿ ಹತ್ರಿ!" ಎಂದು ಕೂಗಿದ. ಹೆಂಡತಿ ಮಂಜುಶ್ರೀಯ ಜೊತೆ ಮುಂದಿನ ಸೀಟಿನಲ್ಲಿ ಕೂತಿದ್ದು ನೋಡಿ, "ನೀನೂ ಬಂದ್ಯಾ? ಒಳ್ಳೇದಾಯ್ತು, ನನ್ ನಗು ಕೇಳ್ಕ," ಎಂದು ಹಿಂದಿನ ಬಾಗಿಲಿನ ಹತ್ತಿರ ಕಂಬಿ ಹಿಡಿದು ನಿಂತ.

ಬಸ್ಸು ಊರು ದಾಟುತ್ತಿದ್ದಂತೆ ಸುಬ್ಬಕ್ಕ ಶುರುವಾದಳು. ಜನ ನಕ್ಕರು. ಸ್ಪೀಕರಿನಲ್ಲಿ ಅಂಜನಪ್ಪನ ನಗು ಬಂದಾಗ ಅವನು ಪಕ್ಕದವನ ಬೆನ್ನಿಗೆ ಹೊಡೆದು, "ನಂದು! ನಂದೇ ಅದು!" ಎಂದು ಇನ್ನೊಮ್ಮೆ ನಕ್ಕ. ಪುಷ್ಪಮ್ಮ ತಿರುಗಿ ನೋಡಲಿಲ್ಲ. ಏಳನೆಯದು ಮುಗಿದಾಗ ಹುಂಚ ಹತ್ತಿರ ಬಂದಿತ್ತು. ಯೋಗರಾಜ ಹೆಸರುಗಳನ್ನು ಕೊನೆಯಲ್ಲಿ ಇಟ್ಟರೆ ಯಾರೂ ಕೇಳುವುದಿಲ್ಲ ಎಂದು ಅಲ್ಲೇ ಸೇರಿಸಿದ್ದ.

"ಸುಬ್ಬಕ್ಕನಾಗಿ ಮಾತಾಡಿದವರು ಶ್ರೀಮತಿ ಪುಷ್ಪಮ್ಮ, ಹೊಸನಗರ. ನಕ್ಕವರು ಶ್ರೀ ಅಂಜನಪ್ಪ, ಹೊಸನಗರ."

ಹೊಸನಗರದವರಿಗೆಲ್ಲ ಒಟ್ಟಿಗೇ ಹೊಳೆಯಿತು. ಇಡೀ ಬಸ್ಸು ಹೋ ಎಂದಿತು. "ಅಂಜನಪ್ಪಣ್ಣ, ಹಂಗಾರೆ ಆ ಗಂಡ ನೀವೇಯಾ!" ಎಂದು ಯಾರೋ ಕೂಗಿದರು. ಈಗ ಪುಷ್ಪಮ್ಮ ತಿರುಗಿದಳು. ಅವನು ಅವಳನ್ನೇ ನೋಡುತ್ತಿದ್ದ. ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನು ಪಿನ್‌ಕೋಡಿನ ಕಥೆಯನ್ನು ಒಳಗೇ ಬಿಡಿಸುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಆರು ವರ್ಷದ ಹಿಂದೆ ತುಮರಿಯಲ್ಲಿ ಪುಷ್ಪಮ್ಮನ ಅಣ್ಣ ತೀರಿಕೊಂಡಿದ್ದ. ಹೆಣ ಇನ್ನೂ ಅಂಗಳದಲ್ಲಿದ್ದಾಗ ಅಂಜನಪ್ಪ ಬಂದವರ ನಡುವೆ ಓಡಾಡಿ, ಹಿನ್ನೀರು ದಾಟಿಸುವ ನಾಲ್ಕೂ ಹತ್ತರ ಲಾಂಚ್ ಹಿಡಿದರೆ ಸಾಗರದಲ್ಲಿ ಯಾವ ಬಸ್ಸು ಸಿಗುತ್ತದೆ ಎಂದು ಒಬ್ಬೊಬ್ಬರಿಗೂ ಹೇಳಿದ್ದ. ಅವತ್ತು ಅವಳಿಗೆ ನೆಲ ಬಿರಿಯಬಾರದೇ ಅನ್ನಿಸಿತ್ತು. ಅದನ್ನು ನಗುವ ಕಥೆ ಮಾಡಲು ಐದು ವರ್ಷ ಹಿಡಿದಿತ್ತು.

ಹುಂಚದಲ್ಲಿ ಅಂಜನಪ್ಪ ಇಳಿದ. ಬಸ್ಸು ಹೊರಟಾಗ ಸ್ಪೀಕರಿನಲ್ಲಿ ಎಂಟನೆಯ ಪ್ರಸಂಗಕ್ಕೆ ಅವನ ನಗು ಬರುತ್ತಿತ್ತು. ಇಳಿಯಲು ಎದ್ದ ಪುಷ್ಪಮ್ಮನನ್ನು ಮಂಜುಶ್ರೀ ಕೂರಿಸಿದಳು. ತೀರ್ಥಹಳ್ಳಿಯಲ್ಲಿ ಶಾಲು ಹೊದಿಸಿದರು, ಫೋಟೊ ತೆಗೆದರು. ಫೋಟೊದಲ್ಲಿ ಅವಳು ಬಾಗಿಲ ಕಡೆ ನೋಡುತ್ತಿದ್ದಾಳೆ.

ಅವಳು ಬೈಗುಳಕ್ಕೆ ಸಿದ್ಧಳಾಗಿ ಮನೆಗೆ ಬಂದಿದ್ದಳು. ಬೈಗುಳ ಬರಲಿಲ್ಲ. ಅಂಜನಪ್ಪ ಮಾತೇ ನಿಲ್ಲಿಸಿದ. ಪೂರ್ತಿ ಅಲ್ಲ, ಊಟ ಆಯಿತು, ಹಾಲು ಬಂತು, ಅಷ್ಟು. ಕುಕ್ಕರು ಕೂಗಿದರೆ ಗಡಿಯಾರದತ್ತ ಹೊರಳಿದ ಕತ್ತು ಅರ್ಧಕ್ಕೆ ನಿಂತು ವಾಪಸಾಗುತ್ತಿತ್ತು. ಏನಾದರೂ ಸಿಗದಿದ್ದರೆ ಕೂಗದೆ ತಾನೇ ಹುಡುಕುತ್ತಿದ್ದ, ಸಿಗದಿದ್ದರೆ ಬಿಡುತ್ತಿದ್ದ. ಹೆಂಡತಿಯ ಎದುರು ಬಾಯಿ ಬಿಟ್ಟರೆ ಅದು ನಾಳೆ ಬಸ್ಸಿನಲ್ಲಿ ಕೇಳುತ್ತದೆ ಎಂಬಂತೆ ಒಂದೊಂದು ಮಾತನ್ನೂ ತೂಗುತ್ತಿದ್ದ. ಬಸ್‌ಸ್ಟ್ಯಾಂಡಿಗೂ ಹೋಗಲಿಲ್ಲ. ಯೋಗರಾಜ ದಿನಕ್ಕೊಮ್ಮೆ ಫೋನ್ ಮಾಡಿ ಎಷ್ಟು ಸಾವಿರ ಜನ ಕೇಳಿದರು ಎಂದು ಹೇಳುತ್ತಿದ್ದ, ಎರಡನೆಯದು ಯಾವಾಗ ಎನ್ನುತ್ತಿದ್ದ. ಪುಷ್ಪಮ್ಮನಿಗೆ ಆ ಸಾವಿರದ ಲೆಕ್ಕ ತಲೆಗೇ ಹೋಗುತ್ತಿರಲಿಲ್ಲ. ಮೂವತ್ತಾರು ವರ್ಷ ಯಾವ ಗಲಾಟೆ ನಿಂತರೆ ಸಾಕಪ್ಪಾ ಅಂದುಕೊಂಡಿದ್ದಳೋ ಅದು ನಿಂತ ಮನೆಯಲ್ಲಿ ಅವಳಿಗೆ ಉಸಿರು ಕಟ್ಟಿತು. ಹೆಸರು ಹಾಕಬೇಡಿ ಅಂದಿದ್ದರೆ ಆಗುತ್ತಿತ್ತಲ್ಲ ಎಂದು ದಿನಕ್ಕೆ ಹತ್ತು ಸಲ ಅನ್ನಿಸುತ್ತಿತ್ತು. ಹಾಕಿದ್ದು ತಪ್ಪು ಎಂದು ಮಾತ್ರ ಒಂದು ಸಲವೂ ಅನ್ನಿಸಲಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಅವಳು ರೊಟ್ಟಿಗೆ ಅಕ್ಕಿಹಿಟ್ಟು ನಾದುತ್ತಿದ್ದಳು. ಅಂಜನಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ನೀರು ಬೇಕೇನೋ ಅಂದುಕೊಂಡಳು.

"ನಿಮ್ಮಣ್ಣ ಹೋದ ದಿನ," ಎಂದ ಅವನು, ಒಲೆಯ ಕಡೆ ನೋಡುತ್ತ. "ನಂಗೆ ಅಳು ಬಂದಿತ್ತು. ಅಷ್ಟು ಜನರೆದ್ರು ಗಂಡ್ಸು ಅಳದು ಹೆಂಗೆ? ಬೇರೆ ಎಂತ ಮಾತಾಡದು ಅಂತ ಗೊತ್ತಾಗ್ಲಿಲ್ಲ. ನಂಗೆ ಬರದು ಅದೊಂದೇ. ಲಾಂಚಿನ ಟೈಮು ಹೇಳ್ದೆ."

ಪುಷ್ಪಮ್ಮನ ಕೈ ಹಿಟ್ಟಿನಲ್ಲೇ ನಿಂತಿತು. ಅಣ್ಣನೂ ಇವನೂ ಜಗುಲಿಯಲ್ಲಿ ಕೂತು ಇಸ್ಪೀಟು ಆಡುತ್ತಿದ್ದದ್ದು ಅವಳಿಗೆ ಆರು ವರ್ಷದಿಂದ ನೆನಪೇ ಆಗಿರಲಿಲ್ಲ. ತಪ್ಪಾಯಿತು ಎನ್ನಬೇಕು, ಇಲ್ಲವೇ ಹೋಗಲಿ ಬಿಡಿ ಎನ್ನಬೇಕು. ಬಂದದ್ದು ಮಾತ್ರ ಸುಬ್ಬಕ್ಕನ ಮೂಗಿನ ಸಣ್ಣ ದನಿ, ಸೆರಗು ಅಡ್ಡ ಹಿಡಿಯದೆಯೇ.

"ಐದೂವರೆಗೆ ಇನ್ನೊಂದು ಲಾಂಚ್ ಇತ್ತಲ್ಲ. ಅದ್ನ ಯಾರಿಗೂ ಹೇಳ್ಲೇ ಇಲ್ಲ ನೀವು?"

ಅವನು ಹುಬ್ಬು ಗಂಟಿಕ್ಕಿದ. "ಅದ್ರಲ್ಲಿ ಹೆಂಗೆ ಹೋಗದು? ಜೀಪು ಹತ್ತಿಸ್ತಿದ್ರು, ಜನಕ್ಕೆ ನಿಲ್ಲಕ್ಕೆ ಜಾಗ ಎಲ್ಲಿ..."

ಅಲ್ಲಿಗೆ ನಿಂತ. ಹೆಂಡತಿಯ ಮುಖ ನೋಡಿದ. ಮೊದಲು ಒಂದು ಕೆಮ್ಮು ಬಂತು. ಆಮೇಲೆ ಬಾಗಿಲಿನ ಚೌಕಟ್ಟು ಹಿಡಿದುಕೊಂಡು, ಜಾರುವ ಹಲ್ಲಿನ ಸೆಟ್ಟನ್ನು ಹೆಬ್ಬೆರಳಿನಿಂದ ಒತ್ತಿಕೊಂಡು, ಕಣ್ಣು ಮುಚ್ಚಿ ಅವನು ನಗತೊಡಗಿದ. ನಗುವಾಗ ಅವನ ಕಿವಿಯ ತುದಿ ಕೆಂಪಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಬೆರಳಿಗಂಟಿದ ಹಿಟ್ಟು ಒಣಗಿ ಬಿರಿಯುವವರೆಗೂ ಪುಷ್ಪಮ್ಮ ನೋಡುತ್ತ ನಿಂತಿದ್ದಳು.