ಮುರಿದ ಕುರ್ಚಿಯ ಆಲ್ಬಮ್

ಅಣ್ಣನಿಗೆ ಪಾರ್ಶ್ವವಾಯು ಬಡಿದದ್ದು ಕೆಲಸದ ಮೇಲಿದ್ದಾಗ. ಅವನು ಲಿಫ್ಟು ರಿಪೇರಿ ಮಾಡುವವನು. ಒಂದು ಆಫೀಸು ಕಟ್ಟಡದಲ್ಲಿ ಲಿಫ್ಟಿನ ನೆತ್ತಿಯ ಮೇಲೆ ನಿಂತು ಉಕ್ಕಿನ ಹಗ್ಗಗಳನ್ನು ಮುಟ್ಟಿ ನೋಡುತ್ತಿದ್ದವನು ಹಾಗೇ ಕುಸಿದು ಕೂತ. ಆಚೀಚೆ ವಾಲದೆ ನೆಟ್ಟಗೆ ಕೂತದ್ದರಿಂದ ಜೀವ ಉಳಿಯಿತು. ಬಲಗೈ ಸ್ವಾಧೀನ ತಪ್ಪಿತು, ಬಲಗಾಲು ಎಳೆಯುವಂತಾಯಿತು, ಮಾತು ಪೂರ್ತಿ ಹೋಯಿತು. ಅವನಿಗೆ ಎಲ್ಲ ಅರ್ಥವಾಗುತ್ತದೆ, ಹೇಳಬೇಕಾದದ್ದು ತಲೆಯೊಳಗೆ ತಯಾರಿರುತ್ತದೆ, ಆದರೆ ನಾಲಿಗೆಗೆ ಇಳಿಯುವ ದಾರಿ ಕೆಟ್ಟಿದೆ ಎಂದರು ಡಾಕ್ಟರು. "ಲಿಫ್ಟು ಮಧ್ಯದಲ್ಲಿ ನಿಂತುಹೋಗಿದೆ ಅಂದ್ಕೊಳ್ಳಿ" ಎಂದು ಅತ್ತಿಗೆ ನೋಡಲು ಬಂದವರಿಗೆಲ್ಲ ಬಿಡಿಸಿ ಹೇಳುತ್ತಿದ್ದಳು. ಮೊದಮೊದಲು ಹಾಗೆ ಹೇಳುವಾಗ ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಹೇಳಿ ಹೇಳಿ ಅದೂ ನಿಂತಿತು.

ಅವನಿಗೆ ಉಳಿದದ್ದು ಒಂದೇ ಮಾತು, "ಅದೇ." ನೀರು ಬೇಕಾದರೂ ಅದೇ, ಬೇಡವಾದರೂ ಅದೇ, ಹೆಂಡತಿಯ ಮೇಲೆ ಸಿಟ್ಟು ಬಂದರೂ ಅದೇ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಮಾತು ಹೋದವನಿಗೆ ಜಗಳ ಬಿಟ್ಟರೆ ಬೇರೆ ಗತಿಯಿಲ್ಲ ಎನ್ನುವುದು ಆ ಮನೆಗೆ ಬೇಗ ತಿಳಿಯಿತು. ಅವನು ಲೋಟ ತಳ್ಳುತ್ತಿದ್ದ, ಅವಳು ಒರೆಸುತ್ತಿದ್ದಳು.

ತಂಗಿ ಪ್ರತಿದಿನ ಸಂಜೆ ಅಲ್ಲಿಗೆ ಹೋಗಿ ಒಂದಿಷ್ಟು ಹೊತ್ತು ಅಣ್ಣನ ಹತ್ತಿರ ಇರುತ್ತಿದ್ದಳು, ಅತ್ತಿಗೆ ಸ್ನಾನವನ್ನಾದರೂ ನೆಮ್ಮದಿಯಿಂದ ಮಾಡಲಿ ಎಂದು. ತಂಗಿಗೆ ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಕೆಲಸ. ಬಿಸಿ ರೋಲರುಗಳ ಮುಂದೆ ನಿಂತು ಒದ್ದೆ ಹಾಸುಬಟ್ಟೆಗಳ ಅಂಚು ಹಿಡಿದು ಯಂತ್ರದ ಬಾಯಿಗೆ ಕೊಡುವುದು, ದಿನವಿಡೀ ಅದೇ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳು ಬೇರೆ ಊರಿನಲ್ಲಿ ನರ್ಸಾಗಿದ್ದಳು. ಲಾಂಡ್ರಿಯಿಂದ ಹೊರಬರುವ ಹೊತ್ತಿಗೆ ಅವಳ ಕಾಲುಗಳು ಬಾತು ಬೂಟಿನ ದಾರ ಸಡಿಲಿಸಬೇಕಾಗುತ್ತಿತ್ತು.

ಅಣ್ಣನಿಗೆ ಮಾತು ಕಲಿಸಲು ಬರುತ್ತಿದ್ದ ಥೆರಪಿಸ್ಟರನ್ನು ಮನೆಯವರು ಮಾತಿನ ಮೇಡಂ ಎಂದು ಕರೆಯುತ್ತಿದ್ದರು. ಒಂದು ದಿನ ಮೇಡಂ ತಂಗಿಯನ್ನೂ ಅತ್ತಿಗೆಯನ್ನೂ ಕೂರಿಸಿಕೊಂಡು ಕೇಳಿದರು.

"ಮಾತು ಹೋಗೋ ದಾರಿ ಬೇರೆ, ಹಾಡು ಹೋಗೋ ದಾರಿ ಬೇರೆ. ಒಂದು ಮುಚ್ಚಿದ್ರೆ ಇನ್ನೊಂದು ತೆರೆದಿರಬಹುದು. ಚಿಕ್ಕ ವಯಸ್ಸಿಂದ ಇವರ ಬಾಯಲ್ಲಿರೋ ಹಾಡು ಯಾವುದಾದ್ರೂ ಇದೆಯಾ?"

ಅತ್ತಿಗೆ ತಂಗಿಯ ಮುಖ ನೋಡಿದಳು.

"ಇದೆ ಮೇಡಂ. ಆದ್ರೆ ಅದನ್ನ ಹಾಡು ಅಂತ ಎಲ್ಲರೂ ಒಪ್ಪಲ್ಲ" ಎಂದಳು ತಂಗಿ.

ಅದು ಗ್ರಂಜ್ ಎಂಬ ಅಮೆರಿಕದ ರಾಕ್ ಸಂಗೀತ. ಆ ಹೆಸರಿಗೆ ಕೊಳೆ ಅಂತಲೇ ಅರ್ಥವಂತೆ, ಹಾಗೆಂದು ಅಣ್ಣನೇ ಹೆಮ್ಮೆಯಿಂದ ಹೇಳಿದ್ದ. ಅವನಿಗೆ ಮೀಸೆ ಮೂಡುವ ವಯಸ್ಸಿನಲ್ಲಿ ಎಲ್ಲಿಂದಲೋ ಆ ಕ್ಯಾಸೆಟ್ಟುಗಳು ಬಂದವು. ಗಿಟಾರು ಗರಗಸದ ಹಾಗೆ ಕೊಯ್ಯುತ್ತಿತ್ತು. ಹಾಡುವವನು ಮೊದಲು ಬಾಯೊಳಗೇ ಗೊಣಗಿ ಆಮೇಲೆ ಇದ್ದಕ್ಕಿದ್ದಂತೆ ಅರಚುತ್ತಿದ್ದ. ಅಣ್ಣ ತಲೆ ಬಾಚುವುದು ಬಿಟ್ಟ, ಸಡಿಲು ಚೌಕಳಿ ಅಂಗಿ ತೊಟ್ಟ, ಅದನ್ನು ಒಗೆಯಲು ಬಿಡಲಿಲ್ಲ. "ಇವನು ಹಾಡ್ತಿದಾನೋ ಹಲ್ಲು ಕೀಳಿಸ್ಕೊಳ್ತಿದಾನೋ" ಎಂದು ಅಮ್ಮ ಬಾಗಿಲಾಚೆಯಿಂದ ಕೇಳುತ್ತಿದ್ದಳು. ಬಾಗಿಲೊಳಗೆ ನೆಲದ ಮೇಲೆ ಅಣ್ಣ, ಅವನ ಪಕ್ಕದಲ್ಲಿ ತಂಗಿ. ಬೇರೆ ಯಾರನ್ನೂ ಅವನು ಒಳಗೆ ಬಿಡುತ್ತಿರಲಿಲ್ಲ. ಆಲ್ಬಮ್ಮುಗಳನ್ನು ಅವರಿಬ್ಬರೂ ಕರೆಯುತ್ತಿದ್ದದ್ದು ಹೆಸರಿನಿಂದಲ್ಲ, ಮೇಲಿನ ಚಿತ್ರದಿಂದ. ಕುರುಡು ಬೆಕ್ಕಿನದು, ಒದ್ದೆ ರಸ್ತೆಯದು, ಮುರಿದ ಕುರ್ಚಿಯದು.

ಈಗ ಕ್ಯಾಸೆಟ್ಟೂ ಇಲ್ಲ, ಅದನ್ನು ಹಾಕುವ ಪೆಟ್ಟಿಗೆಯೂ ಇಲ್ಲ. ಎಲ್ಲ ಫೋನಿನಲ್ಲೇ ಸಿಕ್ಕಿತು. ಅಣ್ಣನಿಗೆ ಕೇಳಿಸುವ ಮೊದಲು ತಾನೊಮ್ಮೆ ಕೇಳಿ ಆರಿಸೋಣವೆಂದು ತಂಗಿ ಲಾಂಡ್ರಿಯಲ್ಲಿ ಒಂದು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡಳು.

ಕುರುಡು ಬೆಕ್ಕಿನ ಆಲ್ಬಮ್ ಅವಳಿಗೆ ಒಂದು ಕಾಲಕ್ಕೆ ಸಿಡಿಲಾಗಿತ್ತು. ಈಗ ಪಕ್ಕದ ಮನೆಯವರು ತಗಡು ಬಡಿದ ಹಾಗೆ ಕೇಳಿಸಿತು. ಲಾಂಡ್ರಿಯ ಯಂತ್ರಗಳೇ ಅದಕ್ಕಿಂತ ಜೋರು. ಮೂರನೆಯ ಹಾಡಿನ ಹೊತ್ತಿಗೆ ಅವಳಿಗೆ ಬೇಸರ ಬಂತು. ಹಾಡುವವನು ಯಾರ ಮೇಲೆ ಇಷ್ಟು ಸಿಟ್ಟಾಗಿದ್ದಾನೆ, ಇವನಿಗೆ ನಾಳೆ ಬೆಳಗ್ಗೆ ಏಳಬೇಕಾದ ಕೆಲಸವಿಲ್ಲವೇ ಅನ್ನಿಸಿತು. ಲೆಕ್ಕ ಹಾಕಿದರೆ ಅವನು ಆಗ ಅವಳ ಮಗಳಿಗಿಂತ ಒಂದೆರಡು ವರ್ಷ ದೊಡ್ಡವನಷ್ಟೆ. ಒದ್ದೆ ರಸ್ತೆಯದನ್ನು ಅವಳು ಆ ಕಾಲದಲ್ಲಿ ಹತ್ತಿರ ಸೇರಿಸಿದವಳಲ್ಲ, ನಿದ್ದೆ ಬರುತ್ತದೆ ಎಂದು ಅಣ್ಣನನ್ನು ರೇಗಿಸುತ್ತಿದ್ದಳು. ಈಗ ಅದೇ ಇಷ್ಟವಾಯಿತು. ಆ ದನಿಗೆ ಅವಸರವಿರಲಿಲ್ಲ. ದುಡಿದು ಬಂದವನೊಬ್ಬ ಮೆಟ್ಟಿಲು ಹತ್ತುವಂತೆ ಪದದಿಂದ ಪದಕ್ಕೆ ಕಾಲಿಡುತ್ತಿತ್ತು. ಅದನ್ನು ಅವಳು ಮತ್ತೆ ಹಾಕಿಕೊಂಡಳು.

ಕುರ್ಚಿಯದನ್ನು ಕೊನೆಗೆ ಉಳಿಸಿಕೊಂಡಿದ್ದಳು, ಅದು ಅಣ್ಣನ ಪ್ರಾಣ. ಅದರ ಉದ್ದನೆಯ ಕೊನೆಯ ಹಾಡಿನಲ್ಲಿ ಒಂದು ಸಾಲು ಮರಳಿ ಮರಳಿ ಬರುತ್ತದೆ. ಏನು ಹೇಳುತ್ತಾನೆಂದು ಯಾರಿಗೂ ಗೊತ್ತಿರಲಿಲ್ಲ, ಬಾಯಲ್ಲಿ ಬಟ್ಟೆ ತುರುಕಿಕೊಂಡವನ ಹಾಗೆ ಹಾಡುತ್ತಿದ್ದ. ಅದು ಮನೆಯ ಬಗ್ಗೆ ಎಂದು ತಂಗಿ, ಬೆಳಕಿನ ಬಗ್ಗೆ ಎಂದು ಅಣ್ಣ. ಆ ವಿಷಯಕ್ಕೆ ಇಬ್ಬರೂ ಮುಖ ತಿರುಗಿಸಿಕೊಂಡು ಓಡಾಡಿದ್ದೂ ಉಂಟು. ಈಗ ಫೋನಿನ ಪರದೆಯ ಮೇಲೆ ಹಾಡಿನ ಜೊತೆಗೇ ಮಾತುಗಳು ಮೂಡಿ ಬಂದವು. ಮನೆಯೂ ಅಲ್ಲ, ಬೆಳಕೂ ಅಲ್ಲ. ಒಬ್ಬ ಮನುಷ್ಯ, ನನಗೆ ಸಾಕಾಗಿದೆ, ನನ್ನನ್ನು ಹುಡುಕಬೇಡಿ ಎಂದು ಸರಳವಾಗಿ ಹೇಳಿ ಹೋಗುತ್ತಿದ್ದ. ಆ ಆಲ್ಬಮ್ ಬಂದ ಮೇಲೆ ಅದನ್ನು ಹಾಡಿದವನು ಬಹಳ ದಿನ ಬದುಕಲಿಲ್ಲ, ಒಂದು ಹೋಟೆಲು ಕೋಣೆಯಲ್ಲಿ ತಾನೇ ಜೀವ ಕಳೆದುಕೊಂಡ ಎಂಬುದು ಅವರಿಗೆ ಆಗಲೂ ಗೊತ್ತಿತ್ತು. ಆಗ ಅದು ದೊಡ್ಡಸ್ತಿಕೆಯಾಗಿ ಕಂಡಿತ್ತು. ಕೈಯಲ್ಲಿದ್ದ ಹಾಸುಬಟ್ಟೆಯ ಅಂಚನ್ನು ಎಳೆದು ಸರಿಮಾಡುತ್ತ, ಆ ಕೋಣೆಯ ಬಟ್ಟೆಗಳನ್ನು ಯಾರು ತೆಗೆದಿರಬಹುದು, ಯಾರು ಒಗೆದಿರಬಹುದು ಎಂದು ತಂಗಿ ಯೋಚಿಸಿದಳು. ಇಯರ್‌ಫೋನು ಕಿತ್ತು ಜೇಬಿಗೆ ಹಾಕಿಕೊಂಡಳು.

ಅವಳ ಹೆದರಿಕೆಗೆ ಕಾರಣವಿತ್ತು. ಸ್ವಲ್ಪ ದಿನದ ಹಿಂದೆ ಅತ್ತಿಗೆ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅಣ್ಣ ಕಾಲೆಳೆದುಕೊಂಡು ಬಾಲ್ಕನಿಗೆ ಹೋಗಿ, ಕಟಕಟೆಗೆ ಎದೆ ಒತ್ತಿ ಕೆಳಗೆ ನೋಡುತ್ತ ನಿಂತಿದ್ದ. ಅತ್ತಿಗೆ ಏನೂ ಕೇಳದೆ ಅವನನ್ನು ಒಳಗೆ ಕರೆತಂದು ಬಾಗಿಲಿಗೆ ಹೊಸ ಚಿಲಕ ಹಾಕಿಸಿದಳು. ಗಾಳಿಗೆ ಹೋಗಿದ್ದನೇನೋ ಎಂದು ಇಬ್ಬರು ಹೆಂಗಸರೂ ಒಬ್ಬರಿಗೊಬ್ಬರು ಹೇಳಿಕೊಂಡರು, ಇಬ್ಬರೂ ನಂಬಲಿಲ್ಲ.

ಹಾಗಾಗಿ ತಂಗಿ ಕುರ್ಚಿಯ ಆಲ್ಬಮ್ ಬಿಟ್ಟು ಉಳಿದವನ್ನು ಒಂದೊಂದಾಗಿ ಅಣ್ಣನಿಗೆ ಕೇಳಿಸಿದಳು. ಅವನು ಕಣ್ಣು ಮುಚ್ಚಿ, ಎಡಗೈ ಬೆರಳಿಂದ ತೊಡೆಯ ಮೇಲೆ ತಾಳ ಹಾಕಿದ. ಬಾಯಿ ಬಿಡಲಿಲ್ಲ. ನಾಲ್ಕು ಸಂಜೆ ಹೀಗೇ ನಡೆಯಿತು. ಐದನೆಯ ಸಂಜೆ ಅವನು ಫೋನನ್ನು ಎಡಗೈಯಿಂದ ದೂರ ತಳ್ಳಿದ.

"ಅದೇ" ಎಂದ.

"ಕೇಳಿಸ್ತಾನೇ ಇದೀನಲ್ಲ ಅಣ್ಣ."

"ಅದೇ. ಅದೇ." ಅವನ ಮುಖ ಕೆಂಪಾಯಿತು. ಸುತ್ತ ನೋಡಿದ. ಊಟದ ಮೇಜಿನ ಪಕ್ಕದ ಖಾಲಿ ಕುರ್ಚಿಯನ್ನು ಎಡಗಾಲಿನಿಂದ ಒದ್ದ. ಕುರ್ಚಿ ಮಗುಚಿ ಬಿತ್ತು. ಬಿದ್ದ ಕುರ್ಚಿಯ ಕಡೆ ಬೆರಳು ತೋರಿಸಿ ತಂಗಿಯನ್ನು ನೋಡಿದ.

ಅವಳಿಗೆ ತಿಳಿಯಿತು. ಪಾರ್ಶ್ವವಾಯು ಬಡಿದ ಮೇಲೆ ಮೊದಲ ಬಾರಿಗೆ ಅವನು 'ಅದೇ' ಎಂದಾಗ ಅದಕ್ಕೆ 'ಅದೇ' ಎಂಬ ಅರ್ಥವಿತ್ತು.

ಸದ್ದು ಕೇಳಿ ಅತ್ತಿಗೆ ಒದ್ದೆ ತಲೆಯಲ್ಲೇ ಬಂದಳು. "ಏನು ಬೇಕಂತೆ ಇವರಿಗೆ?"

"ಗೊತ್ತಾಗ್ತಿಲ್ಲ ಅತ್ತಿಗೆ" ಎಂದು ತಂಗಿ ಕುರ್ಚಿ ಎತ್ತಿ ನಿಲ್ಲಿಸಿದಳು. ಹೊರಡುವಾಗ ಅತ್ತಿಗೆಯನ್ನು ಮೆಟ್ಟಿಲ ಹತ್ತಿರ ಕರೆದು ಇದ್ದದ್ದು ಇದ್ದ ಹಾಗೆ ಹೇಳಿದಳು. ಹಾಡಿನ ಅರ್ಥ, ಹಾಡಿದವನು ಏನಾದ ಎಲ್ಲವನ್ನೂ.

ಅತ್ತಿಗೆ ಗೋಡೆಗೆ ಒರಗಿ ಕೇಳಿದಳು. "ಆವತ್ತಿಂದ ನಾನು ಅಂಗಡಿಗೂ ಓಡಿ ಹೋಗಿ ಓಡಿ ಬರ್ತೀನಿ ಕಣೇ. ಕೇಳಿಬಿಡೋಣ ಅನ್ಸುತ್ತೆ. ಹೌದು ಅಂದುಬಿಟ್ರೆ ಏನು ಮಾಡ್ಲಿ ಅಂತ ಬಾಯಿ ಕಟ್ಟುತ್ತೆ."

"ನಾನು ಕೇಳ್ಲಾ?"

"ಕೇಳು. ನಂಗೆ ಹೆದರಿ ಹೆದರಿ ಸಾಕಾಗಿದೆ."

ಇಬ್ಬರೂ ಒಳಗೆ ಹೋದರು. ತಂಗಿ ಅಣ್ಣನ ಎದುರಿಗೆ ನೆಲದ ಮೇಲೆ ಕೂತಳು. ಅವನ ಕೈ ಹಿಡಿಯಬೇಕೆನ್ನಿಸಿತು, ಹಾಗೆ ಹಿಡಿದು ಅವರಿಗೆ ರೂಢಿಯಿರಲಿಲ್ಲ.

"ಅಣ್ಣ, ಆವತ್ತು ಬಾಲ್ಕನಿಗೆ ಯಾಕೆ ಹೋಗಿದ್ದೆ? ಬೀಳೋಕಾ?"

ಅವನು ಹೆಂಡತಿಯನ್ನು ನೋಡಿದ, ತಂಗಿಯನ್ನು ನೋಡಿದ. ಆಮೇಲೆ ತಲೆ ಕೆಳಗೆ ಹಾಕಿ, ಮೇಲೆತ್ತಿದ. ಹೌದು.

"ಈಗಲೂ ಹಾಗೇ ಅನ್ಸುತ್ತಾ?"

ಅವನು ಎಡಗೈಯನ್ನು ಗಾಳಿಯಲ್ಲಿ ಚಾಚಿ ಆ ಕಡೆ ಒಮ್ಮೆ ಈ ಕಡೆ ಒಮ್ಮೆ ವಾಲಿಸಿದ.

ಅತ್ತಿಗೆ ಅಳಲಿಲ್ಲ. ಅವನ ಪಕ್ಕ ಕೂತು, "ನಂಗೂ ಒಂದೊಂದು ದಿನ ಹಾಗೇ ಅನ್ಸುತ್ತೆ" ಎಂದಳು. ಅವನು ಅವಳ ಕಡೆ ತಿರುಗಿ ನೋಡಿದ. ಅದು ಅವನಿಗೆ ಗೊತ್ತಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು.

ಮರುದಿನ ಅತ್ತಿಗೆ ಡಾಕ್ಟರಿಗೆ ಫೋನು ಮಾಡಿದಳು. ಪಾರ್ಶ್ವವಾಯು ಬಡಿದವರಲ್ಲಿ ಇದು ಆಗುತ್ತದೆ, ಮುಚ್ಚಿಡದೆ ಹೇಳಿದ್ದು ಒಳ್ಳೆಯದಾಯಿತು ಎಂದು ಡಾಕ್ಟರು ಒಂದು ಮಾತ್ರೆ ಬರೆದರು, ಮನಸ್ಸಿನ ಡಾಕ್ಟರನ್ನು ನೋಡುವ ಏರ್ಪಾಟೂ ಮಾಡಿದರು. ಹಾಡಿನ ವಿಷಯ ಕೇಳಿದ್ದಕ್ಕೆ, ಒಬ್ಬರೇ ಕೇಳದಿದ್ದರಾಯಿತು, ಜೊತೆಗೆ ಕೂತುಕೊಳ್ಳಿ ಎಂದರು.

ಮಾತ್ರೆ ಶುರುವಾಗಿ ಕೆಲವು ದಿನ ಕಳೆದ ಮೇಲೆ ಒಂದು ರಜೆಯ ಮಧ್ಯಾಹ್ನ ಮೂವರೂ ಕೂತು ಕುರ್ಚಿಯ ಆಲ್ಬಮ್ ಹಾಕಿದರು. ಅತ್ತಿಗೆ ಒಗೆದ ಟವೆಲುಗಳನ್ನು ಮಡಿಸಲು ಹತ್ತಿರ ಇಟ್ಟುಕೊಂಡಿದ್ದಳು, ಕೈಗೊಂದು ಕೆಲಸವಿರಲಿ ಎಂದು. ಹಾಡುಗಳು ಒಂದರ ಹಿಂದೆ ಒಂದು ಹೋದವು. ಕೆಲವು ತಂಗಿಗೆ ಅಂಥಾ ದೊಡ್ಡದೇನೂ ಅನ್ನಿಸಲಿಲ್ಲ. ಕೊನೆಯ ಹಾಡು ಬಂತು. ಗಿಟಾರು ಗೊರಗೊರ ಎಂದು ಎದ್ದಿತು. ಆ ಸಾಲು ಬಂದಾಗ ಕೋಣೆಯಲ್ಲಿ ಎರಡು ದನಿಗಳಿದ್ದವು.

ಅಣ್ಣ ಹಾಡುತ್ತಿದ್ದ. ಬಾಯಿ ಒಂದು ಕಡೆಗೆ ಸೊಟ್ಟ, ತುಟಿಗಳು ಸರಿಯಾಗಿ ಸೇರುತ್ತಿರಲಿಲ್ಲ. ಆದರೆ ಹಾಡಿದವನೂ ತುಟಿ ಸೇರಿಸಿ ಹಾಡಿದವನಲ್ಲವಲ್ಲ. ಅದೇ ಗೊಣಗು, ಅದೇ ಎಳೆತ, ಪದಗಳು ಅರ್ಧಕ್ಕೆ ಕರಗಿಹೋಗುವ ಅದೇ ರೀತಿ. ಕಣ್ಣು ಮುಚ್ಚಿಕೊಂಡರೆ ಇಬ್ಬರಲ್ಲಿ ಯಾರಿಗೆ ಕಾಯಿಲೆ ಎಂದು ಹೇಳಲಾಗುತ್ತಿರಲಿಲ್ಲ. ಅವನು ಒಂದು ಕಡೆಯೂ ತಪ್ಪಲಿಲ್ಲ, ತಪ್ಪಲು ಅಲ್ಲಿ ಏನೂ ಇರಲಿಲ್ಲ.

ಅತ್ತಿಗೆಯ ಕೈಯಲ್ಲಿ ಟವೆಲು ಹಾಗೇ ನಿಂತಿತು. "ಇವರು ಹಾಡ್ತಿದಾರಾ?" ಎಂದು ಮೆಲ್ಲಗೆ ಕೇಳಿದಳು.

"ಹೂಂ ಅತ್ತಿಗೆ. ಮೊದಲೂ ಹೀಗೇ ಹಾಡ್ತಿದ್ದ" ಎಂದಳು ತಂಗಿ.

ಮಾತಿನ ಮೇಡಂ ಮುಂದಿನ ಸಲ ಬಂದಾಗ ಅವನು ಹಾಡಿ ತೋರಿಸಿದ. ಅವರು ಕಿವಿಗೊಟ್ಟು ಕೇಳಿ, "ಇದರಲ್ಲಿ ಮಾತೇ ಇಲ್ವಲ್ಲ" ಎಂದರು.

"ಆ ಹಾಡಲ್ಲಿ ಇವರಿಗೆ ಕೇಳಿಸಿದ್ದೇ ಅಷ್ಟು ಮೇಡಂ" ಎಂದಳು ಅತ್ತಿಗೆ.

ಮೇಡಂ ನಕ್ಕರು. "ಇರಲಿ, ರಾಗ ಇದೆ. ಮಾತು ನಾವು ಹಾಕೋಣ." ಆ ಸಾಲಿನ ನಿಧಾನದ ಏರಿಳಿತಕ್ಕೆ 'ನೀರು ಕೊಡು' ಎಂದು ಕೂರಿಸಿದರು. ಅವನ ಎಡಗೈ ಹಿಡಿದು ಮೇಜಿನ ಮೇಲೆ ತಾಳ ತಟ್ಟಿಸುತ್ತ, ತಾವೂ ಗೊಣಗುತ್ತ, ಅವನಿಂದ ಗೊಣಗಿಸುತ್ತ, ಒಂದೇ ಸಾಲನ್ನು ಅರೆದು ಅರೆದು ಹೇಳಿಸಿದರು. ತಿಂಗಳು ಕಳೆದ ಮೇಲೆ 'ನೀ' ಬಂತು. ಆಮೇಲೆ 'ನೀರು'. 'ಕೊಡು' ಬರುವ ಹೊತ್ತಿಗೆ ಆ ರಾಗ ಇಡೀ ಮನೆಗೆ ಅಂಟಿಕೊಂಡಿತ್ತು. ಅತ್ತಿಗೆ ಪಾತ್ರೆ ತೊಳೆಯುವಾಗಲೂ ಅದನ್ನೇ ಗುನುಗಿ, ಗೊತ್ತಾದ ಕೂಡಲೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. "ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ನಂಗೂ ಈ ಹಲ್ಲುನೋವು ಹತ್ತಿತು ನೋಡು" ಎಂದು ತಂಗಿಗೆ ಹೇಳಿದಳು.

ಪವಾಡವೇನೂ ನಡೆಯಲಿಲ್ಲ. ಅವನು ಮತ್ತೆ ಲಿಫ್ಟು ರಿಪೇರಿಗೆ ಹೋಗಲಿಲ್ಲ. ನಾಲ್ಕು ಬಾರಿ ತಡವರಿಸಿ ಐದನೆಯ ಬಾರಿಗೆ ಒಂದು ಮಾತು ಬರುತ್ತಿತ್ತು. ಕೆಲವು ದಿನ ಅದೂ ಇಲ್ಲ, ಲೋಟಗಳು ಬೀಳುತ್ತಿದ್ದವು. ಬಾಲ್ಕನಿಯ ಚಿಲಕವನ್ನು ಅತ್ತಿಗೆ ತೆಗೆಸಲಿಲ್ಲ. ಆದರೆ ಸಂಜೆ ಅವನ ಜೊತೆ ತಾನೂ ಅಲ್ಲಿ ಕುರ್ಚಿ ಹಾಕಿಕೊಂಡು ಕೂರುವುದನ್ನು ರೂಢಿ ಮಾಡಿಕೊಂಡಳು.

ಚಳಿ ಶುರುವಾದ ಮೇಲೆ ಒಂದು ಸಂಜೆ ತಂಗಿ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಲಾಂಡ್ರಿಯ ಒಂದು ರೋಲರು ಕೆಟ್ಟು ಎರಡು ಯಂತ್ರದ ಕೆಲಸ ಒಂದಕ್ಕೆ ಬಿದ್ದಿತ್ತು. ಅಣ್ಣನ ಪಕ್ಕ ಕೂತವಳು ಫೋನು ತೆಗೆದು, "ಯಾವುದು ಹಾಕ್ಲಿ?" ಎಂದು ಕೇಳಿದಳು. ಉತ್ತರಕ್ಕೆ ಕಾಯುತ್ತಿರುವಾಗಲೇ ಕಣ್ಣೆಳೆಯಿತು.

ತೊಡೆ ತಟ್ಟುವ ಸದ್ದಿಗೆ ಅವಳಿಗೆ ಎಚ್ಚರವಾಯಿತು. ಅಣ್ಣ ಎಡಗೈಯಿಂದ ತಾಳ ಹಾಕುತ್ತ, ಹಣೆ ಗಂಟಿಕ್ಕಿ, ಆ ಹಳೆಯ ಸಾಲಿನ ಏರಿಳಿತದಲ್ಲಿ ಏನನ್ನೋ ಎಳೆಯುತ್ತಿದ್ದ. ಮೇಡಂ ಕಲಿಸಿದ ಮಾತು ಅದಾಗಿರಲಿಲ್ಲ.

"ನೀ... ನು... ಸು... ಸ್ತು."

"ಏನಂದೆ?"

ಅವನು ಉಸಿರು ಎಳೆದುಕೊಂಡು ಮತ್ತೆ ಮೊದಲಿಂದ ಹಿಡಿದ. "ನೀನು... ಸುಸ್ತು. ಮನೆ... ಗೆ... ಹೋ... ಗು."

ತಂಗಿ ಫೋನನ್ನು ಪಕ್ಕಕ್ಕಿಟ್ಟಳು. ಎಷ್ಟೋ ದಿನದಿಂದ ಅವಳನ್ನು ನೋಡಿ ಯಾರೂ ಆ ಮಾತು ಹೇಳಿರಲಿಲ್ಲ. ಅವಳೂ ಯಾರಿಗೂ ಹೇಳಿಕೊಂಡಿರಲಿಲ್ಲ.

"ಹೌದು ಅಣ್ಣ" ಎಂದಳು. "ತುಂಬಾ ಸುಸ್ತು."

"ಹೋಗೇ, ಹೇಳ್ತಿದಾರಲ್ಲ" ಎಂದಳು ಅತ್ತಿಗೆ ಅಡುಗೆಮನೆಯಿಂದ. "ನಾಳೆ ಬರಬೇಡ. ನಾವು ನೋಡ್ಕೋತೀವಿ."

ತಂಗಿ ಕೋಟು ಹಾಕಿಕೊಂಡು ಹೊರಟಳು. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಇಯರ್‌ಫೋನಿಗೆಂದು ಜೇಬಿಗೆ ಕೈ ಹಾಕಿದವಳು ಬೆಚ್ಚಗಿತ್ತೆಂದು ಕೈಯನ್ನು ಅಲ್ಲೇ ಬಿಟ್ಟಳು. ಅವಳು ಇಳಿಯಬೇಕಾದ ಸ್ಟಾಪು ಬಂದು ಹೋಯಿತು. ಕೊನೆಯ ಸ್ಟಾಪಿನಲ್ಲಿ ಡ್ರೈವರು ಎದ್ದು ಬಂದು ಎಬ್ಬಿಸಬೇಕಾಯಿತು.