ಮೇಷ್ಟ್ರ ಮೇಲಾಣೆ

ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ನಾಲ್ಕಾರು ಕನ್ನಡಿಗರು ಕಟ್ಟಿಕೊಂಡಿದ್ದ ವಿಚಾರ ಕೂಟಕ್ಕೆ ದೇವರಿಗೆ ಪ್ರವೇಶವಿರಲಿಲ್ಲ. ಮೇಷ್ಟ್ರಿಗೆ ಮಾತ್ರ ಇತ್ತು. ಮೇಷ್ಟ್ರೆಂದರೆ ಹತ್ತೊಂಬತ್ತನೆಯ ಶತಮಾನದ ಒಬ್ಬ ಜರ್ಮನ್ ತತ್ತ್ವಜ್ಞಾನಿ. ದೇವರು ಮನುಷ್ಯನನ್ನು ಮಾಡಲಿಲ್ಲ, ಮನುಷ್ಯನೇ ತನ್ನ ಆಸೆ, ಅಂಜಿಕೆ, ಒಳ್ಳೆಯತನಗಳನ್ನೆಲ್ಲ ಒಟ್ಟು ಮಾಡಿ ಆಕಾಶದಲ್ಲಿ ಕೂರಿಸಿ ಆಮೇಲೆ ಅದಕ್ಕೇ ಅಡ್ಡಬಿದ್ದ ಎಂದು ಹೇಳಿದ ಮಹಾನುಭಾವ. ಆ ಮಾತನ್ನು ಹಿಡಿದು ಯುರೋಪಿನಲ್ಲಿ ಕ್ರಾಂತಿಕಾರರು ಹುಟ್ಟಿದರು, ಮನಸ್ಸಿನ ವೈದ್ಯರು ಹುಟ್ಟಿದರು; ಕೊನೆಗೆ ದ್ವಾರಕಾ ನಗರದಲ್ಲಿ ಸೂರ್ಯಪ್ರಕಾಶರು ಹುಟ್ಟಿದರು.

ಬಳ್ಳಾರಿ ಕಡೆಯ ಈ ನಿವೃತ್ತ ಮ್ಯಾನೇಜರು ಕೂಟದ ಅಧ್ಯಕ್ಷರು. ತತ್ತ್ವಜ್ಞಾನಿಯ ಹೆಸರನ್ನು ಯಾರಾದರೂ ತಪ್ಪಾಗಿ ಉಚ್ಚರಿಸಿದರೆ ಸಿಡಿಮಿಡಿಗೊಳ್ಳುತ್ತಿದ್ದರು. ಹಾಗಾಗಿ, ಹಳೆಯ ಕಾಲದ ಹೆಂಗಸರು ಗಂಡನ ಹೆಸರು ಹೇಳದಂತೆ, ಎಲ್ಲರೂ 'ಮೇಷ್ಟ್ರು' ಎಂದೇ ಅನ್ನುತ್ತಿದ್ದರು. ಸಭೆ ನಡೆಯುವ ಮನೆಗೆ ಮೊದಲು ಮೇಷ್ಟ್ರ ಫೋಟೋ ಹೋಗಬೇಕು, ಅದಕ್ಕೆ ಸೇವಂತಿಗೆ ಹಾರ ಬೀಳಬೇಕು, ಅವರ ಪುಸ್ತಕದ ಒಂದು ಪುಟ ಓದಬೇಕು, ಆಮೇಲೇ ತಿಂಡಿ. ಇದನ್ನು ಪೂಜೆ ಎಂದು ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ.

ದಾವಣಗೆರೆಯಿಂದ ವರ್ಗವಾಗಿ ಬಂದಿದ್ದ ಬ್ಯಾಂಕ್ ಆಫೀಸರ್ ಲಿಂಗರಾಜುವಿಗೆ ಕೂಟವೆಂದರೆ ಪ್ರಾಣ. ದಿನವಿಡೀ ತೆಲುಗಿನಲ್ಲಿ ತಡವರಿಸಿ ಬಂದವನಿಗೆ ಬಾಯ್ತುಂಬ ಕನ್ನಡ ಆಡಲು ಊರಲ್ಲಿ ಬೇರೆ ಜಾಗವೇ ಇರಲಿಲ್ಲ. ಸದಸ್ಯರ ಮನೆಯಲ್ಲಿ ದೇವರ ಪಟ ಇರಕೂಡದು ಎಂಬ ನಿಯಮ ತಂದವನೂ ಅವನೇ. ಚಪ್ಪಾಳೆ ಬಿದ್ದ ಖುಷಿಯಲ್ಲಿ ಮನೆಗೆ ಬಂದವನೇ, ಹೆಂಡತಿ ಅನಸೂಯಾ ತವರಿನಿಂದ ತಂದಿದ್ದ ದುಗ್ಗಮ್ಮನ ಪಟವನ್ನು ಅಡುಗೆಮನೆಯ ಅಟ್ಟಕ್ಕೇರಿಸಿದ್ದ. ಅನಸೂಯಾ ಏನೂ ಅನ್ನಲಿಲ್ಲ. ಅವಳು ಒಪ್ಪಿದಳೆಂದೇ ಅವನು ತಿಳಿದ.

ಆ ಭಾನುವಾರದ ಸಭೆ ಲಿಂಗರಾಜುವಿನ ಮನೆಯಲ್ಲೇ. ಒಳಗೆ ಅನಸೂಯಾ ಮಿರ್ಚಿ ಕರಿಯುತ್ತಿದ್ದಳು. ಅವಳು ಹಾಗೆ ಒಲೆಯ ಮುಂದೆ ನಿಂತದ್ದೇ ದೊಡ್ಡದು. ಕಳೆದ ತಿಂಗಳು ವಿಜಯವಾಡದ ಭವಾನಿಪುರಂನಲ್ಲಿರುವ ಅಕ್ಕನ ಮನೆಗೆ ಹೋದವಳಿಗೆ ಹೊಟ್ಟೆನೋವು ಬಂದು, ಆಪರೇಷನ್ನಾಗಿ, ಗಡ್ಡೆ ತೆಗೆದು ಪರೀಕ್ಷೆಗೆ ಕಳಿಸಿದ್ದರು. ಏನೂ ಇಲ್ಲವೆಂದು ರಿಪೋರ್ಟು ಬರುವಷ್ಟರಲ್ಲಿ ಲಿಂಗರಾಜು ಅರ್ಧ ಇಳಿದುಹೋಗಿದ್ದ.

ಹಾರ ಬಿತ್ತು, ಪುಟ ಓದಿದ್ದಾಯಿತು. ಆಗ ಮಧುರವಾಡದ ಐಟಿ ಹುಡುಗ ಶಶಾಂಕ್ ಎದ್ದುನಿಂತು, ಹೊಸದಾಗಿ ಕೊಂಡಿದ್ದ ಕ್ಯಾಮೆರಾ ಮೊಬೈಲನ್ನು ಅಧ್ಯಕ್ಷರ ಮೂಗಿನ ಹತ್ತಿರ ಹಿಡಿದ. ಅದರಲ್ಲೊಂದು ಫೋಟೋ: ವಿಜಯವಾಡದ ಇಂದ್ರಕೀಲಾದ್ರಿ ಬೆಟ್ಟ, ಕನಕದುರ್ಗೆಯ ಗುಡಿಯ ಸಾಲು. ಸಾಲಿನಲ್ಲಿ ಕುಂಕುಮ ಇಟ್ಟುಕೊಂಡು ನಿಂತ ಲಿಂಗರಾಜು.

"ನೀನ್ಯಾಕಪ್ಪ ಅಲ್ಲಿಗೆ ಹೋಗಿದ್ದೆ?" ಎಂದು ಯಾರೋ ಶಶಾಂಕನನ್ನು ಕೇಳಿದರು.

"ನಾನು ಸಮಾಜ ಅಧ್ಯಯನಕ್ಕೆ ಹೋಗಿದ್ದೆ ಸಾರ್," ಎಂದ ಶಶಾಂಕ್. ಅಧ್ಯಯನ ಸ್ಪೆಷಲ್ ದರ್ಶನದ ಸಾಲಿನಲ್ಲಿ ನಡೆದಿತ್ತೆಂಬುದನ್ನು ಅವನು ಹೇಳಲಿಲ್ಲ.

"ನಾನೂ ಅಷ್ಟೇ, ಅಧ್ಯಯನ," ಎಂದ ಲಿಂಗರಾಜು. ಕೂಟ ಕೈತಪ್ಪಿದರೆ ಭಾನುವಾರಗಳನ್ನು ಎಲ್ಲಿ ಕಳೆಯುವುದು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

"ಹಂಗಾದ್ರೆ ಆಯ್ತು ಲಿಂಗರಾಜು ಗಾರು," ಎಂದರು ಸೂರ್ಯಪ್ರಕಾಶರು. ಮೇಷ್ಟ್ರ ಪುಸ್ತಕವನ್ನು ಮುಂದಕ್ಕೆ ಚಾಚಿದರು. "ಇದರ ಮೇಲೆ ಕೈಯಿಟ್ಟು ಹೇಳಿಬಿಡಿ, ನಾನು ಕೈ ಮುಗೀಲಿಲ್ಲ ಅಂತ. ಮುಗೀತು."

ಇದರಲ್ಲಿ ತಮಾಷೆಯೇನಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಲಿಂಗರಾಜು ಕೈ ಚಾಚಿದ. ಸುಳ್ಳು ಆಣೆ ಮಾಡಿದರೆ ಬಂದ ರಿಪೋರ್ಟು ತಿರುಗಿಬಿದ್ದೀತೇ ಎಂಬ ದಿಗಿಲು ಒಳಗೆಲ್ಲಿಂದಲೋ ಎದ್ದು ಬಂತು. ಕೈ ಸರಕ್ಕನೆ ಹಿಂದೆಳೆದಾಗ ತಗುಲಿ ಪುಸ್ತಕ ಜಾರಿತು, ದಪ್ಪ ಜರ್ಮನ್ ವಿಚಾರವೆಲ್ಲ ಸೀದಾ ಸೂರ್ಯಪ್ರಕಾಶರ ಪಾದದ ಮೇಲೆ ಬಿತ್ತು.

"ಅಯ್ಯಯ್ಯೋ!" ಎಂದು ಹಾರಿದ ಸೂರ್ಯಪ್ರಕಾಶರು ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ, ಒಂದು ಕಣ್ಣಿಗೊತ್ತಿಕೊಂಡರು, ಇನ್ನೊಂದು ಕಣ್ಣಿಗೂ ಒತ್ತಿಕೊಂಡರು. ಪಕ್ಕದಲ್ಲಿದ್ದ ಶಶಾಂಕನ ಕೈಯೂ ಪುಸ್ತಕದ ಅಂಚನ್ನು ಮುಟ್ಟಿ ಅವನ ಕಣ್ಣಿಗೆ ಹೋಗಿತ್ತು.

ಫೋಟೋದೊಳಗಿನ ಗಡ್ಡದ ಮೇಷ್ಟ್ರು ಹಾರದ ನಡುವಿನಿಂದ ಎಲ್ಲರನ್ನೂ ನೋಡುತ್ತಿದ್ದರು.

"ಅದು... ಜ್ಞಾನಕ್ಕೆ ಕೊಡೋ ಗೌರವ," ಎಂದರು ಸೂರ್ಯಪ್ರಕಾಶರು. ಎಲ್ಲರೂ ಹೌದೌದೆಂದು ತಲೆಯಾಡಿಸಿದರು. "ಇರ್ಲಿ, ಈ ವಿಷಯ ಇಲ್ಲಿಗೇ ಬಿಡೋಣ. ಲಿಂಗರಾಜು ನಮ್ಮವರೇ."

ಲಿಂಗರಾಜು ಬಚಾವಾದ. ಉಸಿರು ಬಿಡುವಷ್ಟರಲ್ಲಿ, ಮಿರ್ಚಿಯ ತಟ್ಟೆ ಹಿಡಿದು ಎಲ್ಲ ಕೇಳಿಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದ ಅನಸೂಯಾ ಕಂಡಳು.

"ರೀ, ಬೆಟ್ಟಕ್ಕೆ ಹೋಗಿದ್ರಾ?"

ಕೂಟದ ಮುಂದೆ ಹೇಳಿದ ಸುಳ್ಳು ಅವಳ ಮುಂದೆ ಬಾಯಿಗೆ ಬರಲಿಲ್ಲ. "ಹೋಗಿದ್ದೆ. ನಿನ್ನ ರಿಪೋರ್ಟು ಬರೋ ಹಿಂದಿನ ದಿನ. ಕೈ ಮುಗಿದು ಕೇಳ್ಕೊಂಡೆ."

ಅವಳ ಕಣ್ಣಲ್ಲಿ ನೀರು ಬರುತ್ತದೆ, ತನ್ನ ಪ್ರೀತಿಗೆ ಕರಗುತ್ತಾಳೆ ಎಂದು ಆ ಪೆದ್ದ ಒಂದು ಕ್ಷಣ ಕಾದ. ಅನಸೂಯಾ ತಟ್ಟೆಯನ್ನು ಮೇಷ್ಟ್ರ ಫೋಟೋದ ಮುಂದೆ ಕುಕ್ಕಿದಳು.

"ನನ್ನ ದುಗ್ಗಮ್ಮನ್ನ ಅಟ್ಟಕ್ಕೆ ಹಾಕಿ, ನಿಮಗೆ ಬೇಕಾದಾಗ ನೀವು ಬೆಟ್ಟ ಹತ್ತಿದ್ರಾ?" ಅವಳ ದನಿ ಏರಲಿಲ್ಲ. "ಆಪರೇಷನ್ ಟೇಬಲ್ ಮೇಲೆ ಮಲಗಿದ್ದಾಗ ಬಾಯಿಗೆ ದುಗ್ಗಮ್ಮನ ಹೆಸರು ಬಂತು ಕಣ್ರೀ. ನಿಮಗೆ ಮಾತು ಕೊಟ್ಟಂಗಾಗಿದೆಯಲ್ಲಾ ಅಂತ ನುಂಗ್ಕೊಂಡೆ. ಅಷ್ಟು ಹೆದರಿಕೆ ಇದ್ರೂ ಯಾರನ್ನೂ ಕರೀಲಿಲ್ಲ ನಾನು."

ಮಿರ್ಚಿಗೆ ಯಾರೂ ಕೈ ಹಾಕಲಿಲ್ಲ. ಸೂರ್ಯಪ್ರಕಾಶರು ಪುಸ್ತಕವನ್ನು ಎದೆಗವಚಿಕೊಂಡು ನೆಲ ನೋಡಿದರು. ಲಿಂಗರಾಜುವಿಗೆ ತನ್ನ ಮೇಲೆ ಹೇಸಿಗೆಯಾಯಿತು. ಎದ್ದು ಬಾತ್‌ರೂಮಿನ ಪಕ್ಕದಲ್ಲಿದ್ದ ಸ್ಟೂಲನ್ನು ತಂದು ಅಟ್ಟದ ಕೆಳಗೆ ಇಟ್ಟ.

"ನೀವು ಮುಟ್ಟಬೇಡಿ," ಎಂದಳು ಅನಸೂಯಾ. ಹೊಲಿಗೆ ಇನ್ನೂ ಪೂರ್ತಿ ಮಾಯದ ಹೊಟ್ಟೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಸ್ಟೂಲು ಹತ್ತಿದಳು. ಲಿಂಗರಾಜು ಅದರ ಕಾಲುಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಕೆಳಗೆ ಕೂತ.